ಬಸುರಿ ಕ್ಯಾಮೆರಾ

ಹಳೆ ಸಾಮಾನಿನ ಸಂತೆಯಲ್ಲಿ ಅವಳಿಗೆ ಮೂರು ಹೆಜ್ಜೆಯಕ್ಕ ಎಂದು ಹೆಸರು. ಇಟ್ಟವರು ಅಲ್ಲಿಯ ವ್ಯಾಪಾರಿಗಳೇ. ಬೆಲೆ ಕೇಳುತ್ತಾಳೆ, ಮೂಗು ಮುರಿಯುತ್ತಾಳೆ, ಒಂದು ಕುಂದು ಎತ್ತಿ ಆಡುತ್ತಾಳೆ, ಆಮೇಲೆ ಬೆನ್ನು ತಿರುಗಿಸಿ ಅಳತೆ ಹಿಡಿದಂತೆ ಮೂರು ಹೆಜ್ಜೆ ನಡೆಯುತ್ತಾಳೆ. ನಾಲ್ಕನೆಯದನ್ನು ಇಡುವುದರೊಳಗೆ "ಬನ್ನಿ ಅಕ್ಕ, ಬನ್ನಿ, ನಿಮ್ಮ ಮಾತೇ ನಡೀಲಿ" ಎಂದು ಕೂಗದ ಗಂಡಸು ಆ ಸಂತೆಯಲ್ಲಿ ಇನ್ನೂ ಅಂಗಡಿ ಹಾಕಿಲ್ಲ. ಕ್ಯಾಮೆರಾ ಬಿಟ್ಟು ಬೇರೆ ಏನನ್ನೂ ಅವಳು ಕೊಳ್ಳುವುದಿಲ್ಲ. ಹಾಗಂತ ಅವಳಿಗೆ ಕ್ಯಾಮೆರಾದ ಹುಚ್ಚು ಇದೆ ಅಂದುಕೊಂಡರೆ ತಪ್ಪು. ಅವಳು ದರ್ಜಿ. ಹೊಲಿಗೆ ಯಂತ್ರ ಬಿಟ್ಟರೆ ಬೇರೆ ಯಾವ ಯಂತ್ರ ಕಂಡರೂ ಅವಳಿಗೆ ಆಗುತ್ತಿರಲಿಲ್ಲ.

ಈ ವಿದ್ಯೆ ತವರಿನಿಂದ ಬಂದದ್ದಲ್ಲ, ಗಂಡ ಬಿಟ್ಟುಹೋದದ್ದು. ಅವನ ಕಸುಬು ತಕ್ಕಡಿ ರಿಪೇರಿ. ವಾರದಲ್ಲಿ ಆರು ದಿನ ಊರವರ ತಕ್ಕಡಿಗಳ ಮುಳ್ಳು ಸರಿಮಾಡುತ್ತಿದ್ದ, ಏಳನೆಯ ದಿನ ಚೀಲ ಹೆಗಲಿಗೇರಿಸಿ ಹಳೆ ಕ್ಯಾಮೆರಾ ಹುಡುಕಲು ಹೊರಡುತ್ತಿದ್ದ. ಆಮೇಲಾಮೇಲೆ ಎಲ್ಲರೂ ಫೋನಿನಲ್ಲಿ ಫೋಟೋ ತೆಗೆಯಲು ಶುರುಮಾಡಿ ರೋಲಿನ ಕ್ಯಾಮೆರಾಗಳನ್ನು ಅಟ್ಟದಿಂದ ಕೆಳಗೆಸೆಯುವ ಕಾಲವೂ ಬಂತು. ಪುಡಿಗಾಸಿಗೆ ಸಿಗುತ್ತಿದ್ದವು. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಹಾಗೆ ತಂದು ತಂದು ಎರಡು ಟ್ರಂಕು ತುಂಬಿಸಿದ್ದ. ಮದುವೆಯಾದ ಹೊಸದರಲ್ಲಿ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ ಪಾಠ ಹೇಳಿದ್ದ.

"ಬೇಕಾದ್ದನ್ನ ಮೊದಲು ನೋಡ್ಬೇಡ, ಅದರ ಪಕ್ಕದ್ದನ್ನ ನೋಡು. ಆಸೆ ಮುಖಕ್ಕೆ ಬಂತೋ, ಬೆಲೆ ತಲೆಗೆ ಏರ್ತು. ಕೈಗೆತ್ತಿಕೊಂಡ ಮೇಲೆ ಒಂದು ಕುಂದು ಹೇಳು. ಆಮೇಲೆ ಮೂರು ಹೆಜ್ಜೆ."

"ಕುಂದೇ ಇಲ್ಲದಿದ್ರೆ?"

"ಸ್ಪಂಜು ಅನ್ನು."

ಹಳೆ ಕ್ಯಾಮೆರಾಗಳ ಬೆನ್ನಿನ ಬಾಗಿಲಿನ ಅಂಚಿಗೆ ಬೆಳಕು ನುಗ್ಗದಂತೆ ಕಪ್ಪು ಸ್ಪಂಜಿನ ಪಟ್ಟಿ ಅಂಟಿಸಿರುತ್ತಾರೆ. ವರ್ಷ ಕಳೆದಂತೆ ಅದು ಪುಡಿಪುಡಿಯಾಗುತ್ತದೆ. "ಇದರ ಸ್ಪಂಜು ಹೋಗಿದೆ, ಬೆಳಕು ನುಗ್ಗುತ್ತೆ ಅಂತ ಕಣ್ಣುಮುಚ್ಚಿ ಹೇಳು. ನೂರಕ್ಕೆ ತೊಂಬತ್ತೊಂಬತ್ತು ನಿಜ ಇರುತ್ತೆ. ಅವರಿಗೂ ಗೊತ್ತಿರುತ್ತೆ, ಬಾಯಲ್ಲಿ ಜಗಳ ಆಡ್ತಾರೆ, ಬಿಚ್ಚಿ ನೋಡೋಕೆ ಯಾರೂ ಹೋಗಲ್ಲ."

ಇನ್ನೊಂದು ಮಾತನ್ನು ಮಾತ್ರ ಅವನು ನಗದೆ ಹೇಳಿದ್ದ. ಕ್ಯಾಮೆರಾದ ಎಡಗಡೆ ಒಂದು ಗುಂಡಿ ಇರುತ್ತದೆ. ಅದನ್ನು ಮೆಲ್ಲಗೆ ತಿರುಗಿಸಿದರೆ ಸಡಿಲವಾಗಿ ಸುತ್ತಿತೋ, ಹೊಟ್ಟೆ ಖಾಲಿ. ಬಿಗಿ ಹಿಡಿಯಿತೋ, ಒಳಗೆ ಯಾರೋ ಅರ್ಧಕ್ಕೆ ಬಿಟ್ಟ ರೋಲು ಇದೆ. ಅಂಥದ್ದಕ್ಕೆ ಅವನು ಬಸುರಿ ಎನ್ನುತ್ತಿದ್ದ. "ಬಸುರಿಯ ಬೆನ್ನು ಬಿಚ್ಚಬಾರದು ಕಣೆ. ಒಂದು ಸಲ ಬೆಳಕು ಬಿತ್ತು ಅಂದ್ರೆ ಒಳಗಿರೋರೆಲ್ಲ ಹೋದ ಹಾಗೆ." ಅಂಥ ಬಸುರಿ ಸಿಕ್ಕರೆ ಅವನು ಚೌಕಾಶಿಯನ್ನೇ ಮಾಡುತ್ತಿರಲಿಲ್ಲ. ಕೇಳಿದಷ್ಟು ಕೊಟ್ಟು, ಅಂಗಿಯೊಳಗೆ ಬಚ್ಚಿಟ್ಟುಕೊಂಡು, ನೇರ ಗೆಳೆಯನ ಅಂಗಡಿಗೆ ಓಡುತ್ತಿದ್ದ. ಗೆಳೆಯ ಫೋಟೋ ತೊಳೆಯುವವನು, ಹಗಲೆಲ್ಲ ಕತ್ತಲೆಯಲ್ಲೇ ಇರುವವನಾದ್ದರಿಂದ ಎಲ್ಲರಿಗೂ ಕತ್ತಲರಾಯ. ಇಬ್ಬರೂ ಸೇರಿ ಯಾರದೋ ಮಗು, ಯಾರದೋ ಮದುವೆ, ಯಾರದೋ ಸಮುದ್ರತೀರವನ್ನು ತೊಳೆದು ತೆಗೆದು ಮಕ್ಕಳ ಹಾಗೆ ಕುಣಿಯುತ್ತಿದ್ದರು.

ಕುಣಿಯಲಿ ಬಿಡಿ. ಆದರೆ ಕಂಡವರ ಹೆಂಡಿರ ಫೋಟೋ ಗೋಡೆ ತುಂಬ ಅಂಟಿಸಿದವನು ಸ್ವಂತ ಹೆಂಡತಿಯ ಒಂದೇ ಒಂದು ಫೋಟೋ ತೆಗೆಯಲಿಲ್ಲ! ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದೇ. ಮದುವೆಯಲ್ಲಿ ಯಾರೋ ತೆಗೆದದ್ದೊಂದು, ಗುರುತಿನ ಚೀಟಿಯಲ್ಲಿ ಕಳ್ಳಿಯ ಹಾಗೆ ಕಾಣುವುದೊಂದು. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ನೀನೆಲ್ಲಿಗೆ ಹೋಗ್ತೀಯ? ಮನೇಲೇ ಇರ್ತೀಯಲ್ಲ. ಯಾವಾಗ ಬೇಕಾದ್ರೂ ತೆಗೀಬಹುದು." ಅವಳೂ ಕೇಳಿ ಕೇಳಿ ಸಾಕಾಗಿ, "ನನ್ನ ಮೇಲೆ ಒಂದು ರೋಲು ಖರ್ಚು ಮಾಡೋಕೂ ಜುಗ್ಗತನ" ಎಂದು ಬಯ್ದು ಸುಮ್ಮನಾದಳು. ಆ ಮಾತು ಜಗಳಕ್ಕೆ ಉಪ್ಪಿನ ಹಾಗೆ ಇಪ್ಪತ್ತು ವರ್ಷ ಬಳಕೆಯಲ್ಲಿತ್ತು.

ಅವನು ಬದುಕಿದ್ದ ಕೊನೆಯ ಚಳಿಗಾಲದಲ್ಲಿ ಒಂದು ಹೊಸ ಕಾಟ ಶುರುವಾಯಿತು. ಸಂಜೆ ಕೆಲಸದಿಂದ ಬಂದವನು ಅವಳ ಹೊಲಿಗೆ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಒಂದು ಕ್ಯಾಮೆರಾ ಇಟ್ಟುಕೊಂಡು, ಮುದ್ದು ಮಾಡುತ್ತ ಕೂರುವನು. ಆಗೊಮ್ಮೆ ಈಗೊಮ್ಮೆ ಟಿಕ್ ಎಂದು ಸದ್ದು.

"ಏನ್ರೀ ಅದು, ಹಲ್ಲಿ ಹಾಗೆ?"

"ಶಟರ್ ಪರೀಕ್ಷೆ ಮಾಡ್ತಾ ಇದೀನಿ ಮಾರಾಯ್ತಿ. ನೀನು ಹೊಲಿ."

"ಪರೀಕ್ಷೆ ಆಚೆ ಹೋಗಿ ಮಾಡಿ. ಸೂಜಿ ಕೈಗೆ ಚುಚ್ಚುತ್ತೆ."

ಹೋಗುತ್ತಿರಲಿಲ್ಲ. ಆ ಕ್ಯಾಮೆರಾದ ಪಟ್ಟಿ ಹರಿದಿದೆ ಎಂದು ಅವಳ ಹತ್ತಿರವೇ ನೀಲಿ ಜೀನ್ಸ್ ತುಂಡಿನಲ್ಲಿ ಹೊಸ ಪಟ್ಟಿ ಹೊಲಿಸಿಕೊಂಡ. ಕಪ್ಪು ಮಖಮಲ್ಲಿನ ಸಣ್ಣ ರಿಬ್ಬನ್ನೊಂದನ್ನು ಕತ್ತರಿಸಿಕೊಡು ಎಂದು ಪೀಡಿಸಿದ. ನೂಲಿನಷ್ಟು ಸಪುರ ಬೇಕಂತೆ, ಒಂದೂ ಎಳೆ ಬಿಡಬಾರದಂತೆ. ಏನಕ್ಕೆ ಎಂದು ಅವಳು ಕೇಳಲೂ ಇಲ್ಲ, ಕತ್ತರಿಸಿ ಮುಖಕ್ಕೆ ಎಸೆದಳು.

ಚಳಿ ಮುಗಿಯುವುದರೊಳಗೆ ಅವನು ಮುಗಿದ. ಯಾವುದೋ ಧಾನ್ಯದಂಗಡಿಯ ತಕ್ಕಡಿಯ ಮುಂದೆ ಮೊಣಕಾಲೂರಿ ಕೂತವನು ಏಳಲೇ ಇಲ್ಲ. ಅವಳಿಗೆ ದುಃಖಕ್ಕಿಂತ ಮುಂಚೆ ಸಿಟ್ಟು ಬಂತು. ಸುಳ್ಳಲ್ಲ, ಸಿಟ್ಟೇ. ಒಂದು ಮಾತು ಹೇಳದೆ ಹೋಗುವುದೆಂದರೇನು! ಆ ಸಿಟ್ಟೆಲ್ಲ ಟ್ರಂಕುಗಳ ಮೇಲೆ ತಿರುಗಿತು. ತಿಂಗಳು ತುಂಬುವ ಮುಂಚೆ, ಸಗಟಾಗಿ ಎತ್ತುವ ಒಬ್ಬ ಬೀದಿ ವ್ಯಾಪಾರಿಯನ್ನು ಕರೆದು, ಒಂದನ್ನೂ ತೆರೆದು ನೋಡದೆ, ಅವನು ಹೇಳಿದ ಬೆಲೆಗೆ ನಲವತ್ತು ಚಿಲ್ಲರೆ ಕ್ಯಾಮೆರಾಗಳನ್ನೂ ಕೊಟ್ಟುಬಿಟ್ಟಳು. ಜೀವನದಲ್ಲಿ ಅವಳು ಚೌಕಾಶಿ ಮಾಡದ ವ್ಯಾಪಾರ ಅದೊಂದೇ.

ಎರಡು ತಿಂಗಳಾದ ಮೇಲೆ ಕತ್ತಲರಾಯ ಮನೆಗೆ ಬಂದ. ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

"ಅತ್ತಿಗೆ, ಆ ನೀಲಿ ಪಟ್ಟಿ ಕ್ಯಾಮೆರಾ ಕೊಡ್ತೀರಾ? ರೋಲ್ ತೊಳೆದುಕೊಡ್ತೀನಿ. ಅವನು ಮುಗಿಸೋ ಹಾಗಿಲ್ವಲ್ಲ ಇನ್ನು, ಇದ್ದಷ್ಟು ತೊಳೆಯೋಣ."

"ಯಾವ ರೋಲು?"

"ಅಯ್ಯೋ, ನಿಮಗೆ ಹೇಳಿರಲಿಲ್ವಾ? ಇಡೀ ರೋಲು ನಿಮ್ಮದೇ ಅತ್ತಿಗೆ. ನೀವು ಹೊಲೀತಾ ಕೂತಿರೋದು, ಬಯ್ಯೋದು, ದಾರ ಕಡಿಯೋದು. ಇಪ್ಪತ್ತೆಂಟು ಆಗಿದೆ, ಇನ್ನು ಎಂಟು ಬಾಕಿ ಅಂತಿದ್ದ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬೋ ದಿನ ಕೊಡಬೇಕು, ಅವಳ ಬಾಯಿ ಮುಚ್ಚಿಸಬೇಕು ಅಂತ ನಗ್ತಾ ಇದ್ದ."

ಅವಳು ಹೊಸ್ತಿಲ ಮೇಲೆ ಕೂತಳು. ಆಮೇಲೆ ಅತ್ತಳು, ಸತ್ತ ದಿನ ಅಳದಷ್ಟು ಅತ್ತಳು. ಕತ್ತಲರಾಯ ಚಪ್ಪಲಿಯನ್ನೂ ಬಿಡದೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಬೀದಿ ನೋಡುತ್ತಿದ್ದ.

ಮುಂದಿನ ಭಾನುವಾರವೇ ಅವಳು ಸಂತೆಗೆ ಇಳಿದಳು. ಸಗಟು ವ್ಯಾಪಾರಿ ಎಲ್ಲವನ್ನೂ ನಾಲ್ಕು ದಿಕ್ಕಿಗೆ ಮಾರಿಯಾಗಿತ್ತು. ಮೊದಲು ಅವಳು ಇದ್ದದ್ದನ್ನು ಇದ್ದಂತೆ ಹೇಳಿ ಬೇಡಿಕೊಂಡಳು. "ನೀಲಿ ಪಟ್ಟಿಯ ಕ್ಯಾಮೆರಾಪ್ಪ, ನನ್ನ ಗಂಡಂದು" ಎಂದಳು. ಅದರ ಫಲ ನೋಡಿ: ಎರಡೇ ವಾರದಲ್ಲಿ ಆರು ಜನ ನೀಲಿ ಪಟ್ಟಿ ಕಟ್ಟಿದ ಆರು ಕ್ಯಾಮೆರಾ ತಂದು ಚಿನ್ನದ ಬೆಲೆ ಹೇಳಿದರು. ಒಬ್ಬನಂತೂ ಇನ್ನೂ ಬಣ್ಣ ಒಣಗದ ಪಟ್ಟಿ ತಂದಿದ್ದ. ಅವಳ ಬೆರಳೆಲ್ಲ ನೀಲಿಯಾಯಿತು. ಅಂದಿನಿಂದ ಬಾಯಿಗೆ ಬೀಗ ಹಾಕಿದಳು. ಗಂಡನ ಪಾಠ ನೆನಪಾಯಿತು. ಪಕ್ಕದ್ದನ್ನು ನೋಡು, ಕುಂದು ಹೇಳು, ಮೂರು ಹೆಜ್ಜೆ. ಏನನ್ನೂ ಕೊಳ್ಳದೆ ಬರೀ ನೋಡಿ ಹೋಗುವವಳಿಗೆ ಯಾರು ಮೂಟೆ ಬಿಚ್ಚಿ ತೋರಿಸುತ್ತಾರೆ? ಅದಕ್ಕೇ ವಾರಕ್ಕೊಂದಾದರೂ ಕೊಂಡಳು. ಕೊಂಡದ್ದನ್ನು ಕತ್ತಲರಾಯನ ಅಂಗಡಿಯಲ್ಲಿ ಕಾಲೇಜಿನವರಿಗೆ ಮಾರಿದಳು. ರೋಲಿನ ಕ್ಯಾಮೆರಾಕ್ಕೆ ಮತ್ತೆ ಕಾಲ ಬಂದಿತ್ತು. ಹೀಗೆ ಆರು ವರ್ಷ. ಲೆನ್ಸಿನ ಬೂಸಲನ್ನು ಒಂದೇ ನೋಟದಲ್ಲಿ, ಶಟರಿನ ತೊದಲನ್ನು ಕಿವಿಯಲ್ಲೇ ಹೇಳುವಷ್ಟು ಪಳಗಿದಳು. "ಅವನಿಗಿಂತ ನೀವೇ ಗಟ್ಟಿ ಅತ್ತಿಗೆ" ಎಂದು ಕತ್ತಲರಾಯ ತಮಾಷೆ ಮಾಡುವನು. ಪ್ರತಿ ಭಾನುವಾರ ಸಂಜೆ ಖಾಲಿ ಕೈ ನೋಡಿ, ಬೇರೇನೂ ಕೇಳದೆ ಟೀ ತರಿಸುವನು.

ಏಳನೆಯ ವರ್ಷದ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ನೆತ್ತಿ ಸುಡುವ ಬಿಸಿಲು. ಸಂತೆಯ ಕೊನೆಯಲ್ಲಿ ಒಬ್ಬ ಹೊಸಬ ಚಾಪೆ ಹಾಸಿದ್ದ. ದಪ್ಪ ಕನ್ನಡಕದ, ಮೇಷ್ಟರ ಹಾಗೆ ಕಾಣುವ ಮನುಷ್ಯ. ಸತ್ತವರ ಮನೆ ಖಾಲಿ ಮಾಡಿಸಿ ಸಾಮಾನು ಮಾರುವ ಕೆಲಸಕ್ಕೆ ಹೊಸದಾಗಿ ಇಳಿದವನು. ಗೋಡೆ ಗಡಿಯಾರ, ಹಿತ್ತಾಳೆಯ ಬೀಗ, ಪಿಂಗಾಣಿ ತಟ್ಟೆ. ಅವುಗಳ ನಡುವೆ ಕ್ಯಾಮೆರಾ. ನೀಲಿ ಪಟ್ಟಿ ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆದರೆ ಹೊಲಿಗೆ? ತನ್ನ ಹೊಲಿಗೆಯನ್ನು ಗುರುತಿಸದ ದರ್ಜಿ ಉಂಟೇ? ತುದಿಯಲ್ಲಿ ಎರಡು ಸಲ ಹಿಂದಕ್ಕೆ ಹೊಡೆದು ಗಂಟು ಹಾಕಿದ್ದು ಅವಳ ಕೈಯೇ.

ಅವಳು ಗಡಿಯಾರ ಎತ್ತಿಕೊಂಡಳು.

"ಓಡುತ್ತಾ ಇದು?"

"ಓಡುತ್ತಮ್ಮ, ಸ್ವಲ್ಪ ಹಿಂದೆ ಬೀಳುತ್ತೆ" ಎಂದ ಅವನು. ಹಿಂದೆ ಬೀಳುತ್ತೆ ಎಂದು ತಾನೇ ಹೇಳುವ ವ್ಯಾಪಾರಿಯನ್ನು ಅವಳು ಆರು ವರ್ಷದಲ್ಲಿ ಕಂಡಿರಲಿಲ್ಲ. ಅದನ್ನು ಅವಳು ಆಗಲೇ ಗಮನಿಸಬೇಕಿತ್ತು.

ಗಡಿಯಾರ ಇಟ್ಟು, ಬೇಸರದಿಂದೆಂಬಂತೆ ಕ್ಯಾಮೆರಾ ಎತ್ತಿದಳು. ಮೇಲಿನ ಪುಟ್ಟ ಕಿಟಕಿಯಲ್ಲಿ ಎಷ್ಟು ಫೋಟೋ ಆಗಿದೆ ಎಂದು ತೋರಿಸುವ ಅಂಕಿ. ಇಪ್ಪತ್ತೆಂಟು. ಎಡಗಡೆಯ ಗುಂಡಿಯನ್ನು ಹೆಬ್ಬೆರಳಲ್ಲಿ ಕೂದಲಷ್ಟು ತಿರುಗಿಸಿದಳು. ಬಿಗಿ ಹಿಡಿಯಿತು. ಬಸುರಿ. ಅವನು ಬಿಟ್ಟಲ್ಲೇ ನಿಂತಿದೆ, ಯಾರೂ ಮುಟ್ಟಿಲ್ಲ.

"ಎಲ್ಲಿ ಸಿಕ್ತು ಇದು?"

"ಒಂದು ಮನೆ ಶೋಕೇಸಲ್ಲಿ ಅಂದಕ್ಕೆ ಇಟ್ಟಿದ್ರಮ್ಮ. ಬಳಸೋರು ಯಾರೂ ಇರಲಿಲ್ಲ. ಸಾವಿರದಿನ್ನೂರು ಕೊಡಿ."

ಚೀಲದಲ್ಲಿ ಅದರ ಎರಡರಷ್ಟು ಇತ್ತು. ತೆಗೆದು ಕೊಟ್ಟಿದ್ದರೆ ಮುಗಿಯುತ್ತಿತ್ತು! ಗಂಡನ ಪಾಠದಲ್ಲೂ ಅದೇ ಇತ್ತಲ್ಲ, ಬಸುರಿಗೆ ಚೌಕಾಶಿ ಇಲ್ಲ ಎಂದು? ಆದರೆ ಆರು ನೀಲಿ ಪಟ್ಟಿಗಳು ಕಣ್ಣ ಮುಂದೆ ಬಂದವು. ಕೇಳಿದ್ದನ್ನು ಕೇಳಿದ ಹಾಗೆ ಕೊಟ್ಟರೆ ಇವನಿಗೆ ಅನುಮಾನ ಬರುತ್ತದೆ, ಬೆಲೆ ಏರಿಸುತ್ತಾನೆ, ಇಲ್ಲವೇ ಕೊಡುವುದೇ ಇಲ್ಲ ಎಂದು ಮನಸ್ಸು ಹೆದರಿತು. ಆಸೆ ಮುಖಕ್ಕೆ ಬರಬಾರದು. ಅಷ್ಟರಲ್ಲಿ ನಾಲಿಗೆ, ಆರು ವರ್ಷ ಪ್ರತಿ ವಾರ ಆಡಿ ಆಡಿ ಸವೆದ ಮಾತನ್ನು ತಾನೇ ಆಡಿಬಿಟ್ಟಿತು.

"ಸಾವಿರದಿನ್ನೂರಾ? ಸ್ಪಂಜು ಪುಡಿಯಾಗಿದೆ ಇದರದ್ದು. ಬೆಳಕು ನುಗ್ಗುತ್ತೆ."

ಹೇಳಿ, ಕ್ಯಾಮೆರಾವನ್ನು ಚಾಪೆಯ ಮೇಲಿಟ್ಟು, ಬೆನ್ನು ತಿರುಗಿಸಿ ನಡೆದಳು. ಒಂದು. ಎರಡು.

ಬೇರೆ ಯಾವ ವ್ಯಾಪಾರಿಯಾಗಿದ್ದರೂ ಬಾಯಿ ಮಾಡುತ್ತಿದ್ದ. ಇವನು ಮೇಷ್ಟರಂಥವನು, ಸುಳ್ಳು ಹೇಳಿ ಮಾರಬಾರದು ಎಂದುಕೊಂಡವನು. "ಹೌದಾ ಅಮ್ಮ? ನನಗೆ ಗೊತ್ತೇ ಇಲ್ಲ, ತಾಳಿ ನೋಡ್ತೀನಿ. ಹೋಗಿದ್ರೆ ಕಮ್ಮಿ ಮಾಡ್ತೀನಿ" ಎಂದು ಎಡಗಡೆಯ ಗುಂಡಿಯನ್ನು ಮೇಲಕ್ಕೆಳೆದ. ಬೆನ್ನಿನ ಬಾಗಿಲಿಗೆ ಅದೇ ಚಿಲಕ. ಟಕ್ ಎಂದು ಕೇಳಿತು. ಮೂರನೆಯ ಹೆಜ್ಜೆಯಲ್ಲಿದ್ದ ಅವಳಿಗೆ ಆ ಸದ್ದು ಏನೆಂದು ಗೊತ್ತು.

"ಬೇಡ! ಬಿಚ್ಚಬೇಡಿ!"

ಬೆನ್ನು ಬಿಚ್ಚಿಯಾಗಿತ್ತು. ಹತ್ತು ಗಂಟೆಯ ಬಿಸಿಲು ನೇರವಾಗಿ ಒಳಗೆ ಬಿದ್ದಿತ್ತು. ಅವನು ಕನ್ನಡಕದ ಹತ್ತಿರಕ್ಕೆ ಹಿಡಿದುಕೊಂಡು ಸಂತೋಷದಿಂದ ಹೇಳುತ್ತಿದ್ದ: "ಏನೂ ಆಗಿಲ್ಲ ನೋಡಮ್ಮ, ಸ್ಪಂಜೇ ಅಲ್ಲ ಇದು! ಯಾರೋ ಕಪ್ಪು ಮಖಮಲ್ ಅಂಟಿಸಿದಾರೆ. ಎಷ್ಟು ಸಪುರ, ಎಷ್ಟು ನೀಟಾಗಿ ಕತ್ತರಿಸಿದಾರೆ, ಒಂದು ಎಳೆ ಬಿಟ್ಟಿಲ್ಲ. ಓ, ಒಳಗೆ ರೋಲೂ ಇದೆ!"

ಅವಳು ಬಿದ್ದೆದ್ದು ಬಂದು ಅವನ ಕೈಯಿಂದ ಕಸಿದು ಬಾಗಿಲು ಮುಚ್ಚಿದಳು. ಪುಟ್ಟ ಕಿಟಕಿಯಲ್ಲಿ ಇಪ್ಪತ್ತೆಂಟು ಇರಲಿಲ್ಲ. ಬೆನ್ನು ಬಿಚ್ಚಿದರೆ ಅಂಕಿ ಮೊದಲಿಗೆ ಹೋಗಿ ನಿಲ್ಲುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಬಾಲ್ಯದಿಂದ ಎಷ್ಟು ಸಲ ಕೇಳಿದ್ದಳೋ. ತನ್ನ ಬಾಯಿಂದಲೇ ಹೋಯಿತು. ತಾನೇ ಕತ್ತರಿಸಿಕೊಟ್ಟ ಮಖಮಲ್ಲಿಗೆ ತಾನೇ ಕುಂದು ಹೇಳಿದ್ದಳು.

ಅವಳು ಸಾವಿರದಿನ್ನೂರನ್ನು ಪೂರ್ತಿ ತೆಗೆದು ಚಾಪೆಯ ಮೇಲಿಟ್ಟಳು. ಅವನಿಗೆ ಏನು ತಪ್ಪಾಯಿತೆಂದು ತಿಳಿಯಲಿಲ್ಲ, ಆದರೆ ಏನೋ ಆಗಿದೆ ಎಂದು ಅವಳ ಮುಖ ನೋಡಿಯೇ ತಿಳಿಯಿತು. "ಅಮ್ಮ, ಎಂಟುನೂರು ಸಾಕಮ್ಮ, ಉಳಿದದ್ದು ತಗೊಳ್ಳಿ" ಎಂದು ನೋಟು ಹಿಡಿದು ಹಿಂದೆಯೇ ಬಂದ. ಅವಳು ನಿಲ್ಲಲಿಲ್ಲ. ಮೂರು ಹೆಜ್ಜೆ ಆದ ಮೇಲೂ ನಿಲ್ಲದೆ ಹೋದ ಮೂರು ಹೆಜ್ಜೆಯಕ್ಕನನ್ನು ಸಂತೆಯವರು ಅಂಗಡಿ ಬಿಟ್ಟು ಎದ್ದು ನೋಡಿದರು.

ಕತ್ತಲರಾಯ ಅವಳ ಕೈಯಲ್ಲಿದ್ದದ್ದನ್ನು ನೋಡಿ ಕುರ್ಚಿಯಿಂದ ಹಾರಿಬಿದ್ದ. ಆಮೇಲೆ ಅವಳ ಮುಖ ನೋಡಿದ.

"ಸಿಕ್ತು" ಎಂದಳು ಅವಳು. "ಸಿಕ್ತು, ನಾನೇ ಕೊಂದೆ."

ಎಲ್ಲ ಕೇಳಿದ ಮೇಲೆ ಅವನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಎಷ್ಟು ಹೊತ್ತು ತೆರೆದಿತ್ತು ಅತ್ತಿಗೆ?" ಎಂದು ಮಾತ್ರ ಕೇಳಿದ.

"ಮೂರು ಮಾತು ಆಡೋವಷ್ಟು."

"ಮೇಲಿನ ಸುತ್ತುಗಳು ಉಳಿಯಲ್ಲ. ಆದ್ರೆ ತೆಗೆದ ಫೋಟೋ ಒಳಗೆ ಒಂದರ ಮೇಲೊಂದು ಸುತ್ತಿಕೊಂಡಿರುತ್ತೆ. ಮೊಟ್ಟಮೊದಲು ತೆಗೆದದ್ದು ಎಲ್ಲಕ್ಕಿಂತ ಒಳಗೆ. ಒಂದೋ ಎರಡೋ ಉಳಿದಿದ್ರೂ ಉಳಿದಿರಬಹುದು. ಒಂದು ಸಿಕ್ಕರೂ ಸಾಕಲ್ವಾ?"

"ಸಾಕು" ಎಂದಳು ಅವಳು. "ಒಂದು ಸಾಕಪ್ಪ."

ಅವನು ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ನೀರು ಬೀಳುವ ಸದ್ದು, ಡಬ್ಬಿ ಅಲ್ಲಾಡಿಸುವ ಸದ್ದು. ಅವಳಿಗೆ ತಾನು ಆ ಫೋಟೋಗಳಲ್ಲಿ ಹೇಗೆ ಕಂಡಿರಬಹುದೆಂಬ ಯೋಚನೆಯೇ ಮೊದಲಿಂದಲೂ ಇರಲಿಲ್ಲ. ಕೂದಲು ಕೆದರಿರುತ್ತದೆ, ಬಾಯಲ್ಲಿ ಗುಂಡುಪಿನ್ನು ಇರುತ್ತದೆ, ಇರಲಿ. ಆ ಮೂಲೆಯ ಸ್ಟೂಲಿನ ಮೇಲೆ ಕೂತವನ ಕಣ್ಣಿಗೆ ತಾನು ಹೇಗೆ ಕಂಡೆ ಎನ್ನುವುದೊಂದು ಅವಳಿಗೆ ಬೇಕಿತ್ತು. ಸಂಸಾರ ಮಾಡಿದ ಅಷ್ಟೂ ವರ್ಷದಲ್ಲಿ ಅವನು ಅದನ್ನು ಬಾಯಿಬಿಟ್ಟು ಒಂದು ದಿನವೂ ಹೇಳಿರಲಿಲ್ಲ.

ಒಂದು ಗಂಟೆಯ ಮೇಲೆ ಅವನು ಬಂದ. ಉದ್ದನೆಯ ಫಿಲ್ಮು, ಫೋಟೋ ತೆಗೆದಷ್ಟು ಉದ್ದಕ್ಕೂ ಕಪ್ಪು. ಬೆಳಕು ತಿಂದದ್ದೆಲ್ಲ ತೊಳೆದ ಮೇಲೆ ಕಪ್ಪಾಗುತ್ತದೆ. ಒಂದು ತುದಿಯಲ್ಲಿ ಮಾತ್ರ, ಮೊದಲು ತೆಗೆದ ಎರಡು ಚೌಕ ಉಳಿದಿದ್ದವು. ಅವುಗಳನ್ನು ಕಾಗದದ ಮೇಲೆ ಇಳಿಸಿ ಒದ್ದೆಯಾಗಿಯೇ ತಂದಿದ್ದ.

ಎರಡನೆಯದು ಮುಕ್ಕಾಲು ಪಾಲು ಮಸುಕು. ಅಂಚಿನಲ್ಲಿ ಇಳಿಜಾರಾದ ಏನೋ ಒಂದು.

"ನಿಮ್ಮ ಭುಜ ಅತ್ತಿಗೆ" ಎಂದ ಅವನು. "ನೋಡಿ, ಇಲ್ಲಿಂದ ಹೀಗೆ. ಖಂಡಿತ ನಿಮ್ಮ ಭುಜವೇ."

"ಪರದೆ ಅದು. ನಾನೇ ಹೊಲಿದ ಪರದೆ ನನಗೆ ಗೊತ್ತಾಗಲ್ವಾ? ಸುಳ್ಳು ಹೇಳ್ಬೇಡಪ್ಪ, ನಿನಗೆ ಬರಲ್ಲ."

ಅವನು ತಲೆ ತಗ್ಗಿಸಿ ಇನ್ನೊಂದನ್ನು ಕೊಟ್ಟ. ಅದು ರೋಲಿನ ಮೊಟ್ಟಮೊದಲ ಫೋಟೋ, ಕನ್ನಡಿಯಷ್ಟು ಸ್ಪಷ್ಟ. ಅವಳ ಹೊಲಿಗೆ ಕೋಣೆ. ಸಂಜೆಯ ಬೆಳಕು ಕಿಟಕಿಯಿಂದ ಯಂತ್ರದ ಮೇಲೆ ಬಿದ್ದಿದೆ. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಪಕ್ಕದಲ್ಲಿ ತಟ್ಟೆ ಮುಚ್ಚಿದ ಲೋಟ, ಕತ್ತರಿ, ಸೂಜಿ ಚುಚ್ಚದಂತೆ ಅವಳು ಬೆರಳಿಗೆ ಹಾಕುವ ಟೋಪಿ. ಮುಂದೆ ಕುರ್ಚಿ, ಈಗಷ್ಟೇ ಯಾರೋ ಎದ್ದುಹೋದಂತೆ ಸ್ವಲ್ಪ ಓರೆಯಾಗಿ. ಕುರ್ಚಿ ಖಾಲಿ.

"ಬೆಳಕು ಸರಿ ಇದ್ಯಾ ಅಂತ ಮೊದಲನೇದು ಹಾಗೆ ತೆಗೆದು ನೋಡ್ತಿದ್ದ" ಎಂದ ಕತ್ತಲರಾಯ. "ನೀವು ವಾಪಸ್ ಬರೋದನ್ನ ಕಾಯ್ತಾ ಇದ್ದ ಅನ್ಸುತ್ತೆ."

ಅವಳು ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಎಲ್ಲಿಗೆ ಎದ್ದುಹೋಗಿದ್ದೆ ಆವತ್ತು? ಒಲೆಯ ಮೇಲೆ ಹಾಲಿತ್ತೋ, ಬಾಗಿಲಲ್ಲಿ ಯಾರಾದರೂ ಬ್ಲೌಸಿಗೆ ಬಂದಿದ್ದರೋ. ಎಷ್ಟು ನೆನಪು ಮಾಡಿಕೊಂಡರೂ ಬರಲಿಲ್ಲ. ಒದ್ದೆ ಕಾಗದದ ಮೇಲೆ ಕಣ್ಣೀರು ಬಿದ್ದದ್ದನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕುರ್ಚಿಯ ಎದುರಿಗಿದ್ದವನ ಜೊತೆ, ಅವನು ಈಗಲೂ ಆ ಸ್ಟೂಲಿನ ಮೇಲೆ ಕೂತಿರುವಂತೆ, ಜಗಳದ ದನಿಯಲ್ಲೇ ಮಾತಾಡಿದಳು.

"ಬರ್ತಾ ಇದ್ನಲ್ರೀ. ಒಂದು ನಿಮಿಷ ಕಾಯೋಕಾಗ್ಲಿಲ್ವಾ ನಿಮಗೆ?"